ಕಣ್ಣು ಮುಚ್ಚಿಕೊಂಡು ವರ್ಲ್ಡ್ ಸೀರೀಸ್ ಕೇಳೋದು ಹೇಗೆ?

ಬೇಸ್‌ಬಾಲ್ ಗೊತ್ತಿಲ್ಲದವರೂ ಇದನ್ನು ಮಾಡಬಹುದು. ಒಂದು ಹೆಡ್‌ಫೋನ್ ಮತ್ತು ಒಂದು ಖಾಲಿ ಸಂಜೆ ಇದ್ದರೆ ಸಾಕು. ಅಮೆರಿಕದ ಬೇಸ್‌ಬಾಲ್ ಫೈನಲ್ ಆದ ವರ್ಲ್ಡ್ ಸೀರೀಸ್ ರೇಡಿಯೊಗೆ ಬಂದು ನೂರು ವರ್ಷ ದಾಟಿದೆ. ಅದರ ಹಳೆಯ ಕಾಮೆಂಟರಿ ತುಣುಕುಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಸಿಕ್ಸರ್ ಹೈಲೈಟ್ಸ್ ಥರ ನೋಡಿ ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಇದು ಕೇಳುವ ಇತಿಹಾಸ.

ಆಟದ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು. ಬೀಸಿ ತಪ್ಪಿದರೆ, ಇಲ್ಲವೇ ಹೊಡೆಯಬಹುದಾದ ಎಸೆತವನ್ನು ಬಿಟ್ಟರೆ ಅದು ಸ್ಟ್ರೈಕ್; ಮೂರು ಸ್ಟ್ರೈಕ್ ಬಿದ್ದರೆ ಬ್ಯಾಟರ್ ಔಟ್. ಆಚೀಚೆ ಹೋದ ಎಸೆತವನ್ನು ಬ್ಯಾಟರ್ ಬಿಟ್ಟರೆ ಅದು 'ಬಾಲ್'; ನಾಲ್ಕು ಬಾಲ್ ಆದರೆ ಸುಮ್ನೆ ನಡೆದು ಮೊದಲ ಬೇಸ್‌ಗೆ ಹೋಗಬಹುದು. ಮೂರು ಔಟಾದರೆ ಎದುರಾಳಿಗಳ ಸರದಿ, ಹೀಗೆ ಒಂಬತ್ತು ಇನಿಂಗ್ಸ್. ಚೆಂಡು ಬೇಲಿ ದಾಟಿದರೆ ಹೋಮ್ ರನ್, ಹೊಡೆದವನಿಗೂ ಬೇಸ್ ಮೇಲಿದ್ದವರಿಗೂ ಒಂದೊಂದು ರನ್. ಅಮೆರಿಕನ್ ಲೀಗ್ ಗೆದ್ದವರು ಮತ್ತು ನ್ಯಾಷನಲ್ ಲೀಗ್ ಗೆದ್ದವರು ಕೊನೆಗೆ ಎದುರಾಗುತ್ತಾರೆ, ನಾಲ್ಕು ಆಟ ಮೊದಲು ಗೆದ್ದವರು ಚಾಂಪಿಯನ್. ಕಾಮೆಂಟೇಟರ್ 'ತ್ರೀ ಅಂಡ್ ಟೂ' ಅಂದರೆ ಮೂರು ಬಾಲ್, ಎರಡು ಸ್ಟ್ರೈಕ್ ಆಗಿದೆ ಎಂದರ್ಥ. ಆಗ ಉಸಿರು ಬಿಗಿ ಹಿಡಿದು ಕೂರಬೇಕು.

ಶುರು ಮಾಡೋದು ರೇಡಿಯೊದ ಮೊದಲ ವರ್ಷವಾದ 1921ರಿಂದ ಅಲ್ಲ, 1988ರಿಂದ. ಅಕ್ಟೋಬರ್ 15, ಲಾಸ್ ಏಂಜಲೀಸ್, ಮೊದಲ ಆಟ. ಆ ಊರಿನ ತಂಡ ಡಾಡ್ಜರ್ಸ್ 3-4ರಿಂದ ಹಿಂದಿದ್ದಾರೆ. ಕೊನೆಯ ಇನಿಂಗ್ಸ್, ಇಬ್ಬರು ಔಟ್, ಒಬ್ಬ ಬೇಸ್ ಮೇಲೆ. ಎರಡೂ ಕಾಲಿಗೆ ಪೆಟ್ಟಾಗಿರುವ ಕರ್ಕ್ ಗಿಬ್ಸನ್ (ಅಡ್ಡಹೆಸರು ಗಿಬಿ) ಕುಂಟುತ್ತಾ ಬರುತ್ತಾನೆ. ಎದುರಿಗೆ ಡೆನಿಸ್ ಎಕರ್ಸ್‌ಲಿ, ಆ ಕಾಲದ ಭಯಂಕರ ಪಿಚರ್, ಅಂದರೆ ಚೆಂಡು ಎಸೆಯುವವ. ತ್ರೀ ಅಂಡ್ ಟೂ. ಚೆಂಡು ಬಲಗಡೆ ಪ್ರೇಕ್ಷಕರ ಮಧ್ಯೆ ಹೋಗಿ ಬೀಳುತ್ತದೆ.

ಈ ಒಂದು ಹೊಡೆತವನ್ನು ಎರಡು ಸಲ ಕೇಳಿ. ಮೊದಲು ಎನ್‌ಬಿಸಿ ಟಿವಿಯಲ್ಲಿ ವಿನ್ ಸ್ಕಲ್ಲಿ. ಬಲಗಡೆಗೆ ಎತ್ತರದ ಚೆಂಡು ಅನ್ನುತ್ತಾರೆ, 'ಶೀ ಈಸ್ ಗಾನ್' ಅನ್ನುತ್ತಾರೆ, ಆಮೇಲೆ ಬಾಯಿ ಮುಚ್ಚುತ್ತಾರೆ. ಗಡಿಯಾರ ನೋಡಿಕೊಳ್ಳಿ, ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತು ಜನರ ಗದ್ದಲ ಬಿಟ್ಟರೆ ಏನೂ ಇಲ್ಲ. ಗಿಬ್ಸನ್ ಎಲ್ಲ ಬೇಸ್ ಸುತ್ತಿ ಹೊರಟ ಜಾಗವಾದ ಹೋಮ್ ಪ್ಲೇಟ್ ಮುಟ್ಟಿ, ಜೊತೆಗಾರರೆಲ್ಲ ಅವನನ್ನು ತಬ್ಬಿಕೊಂಡ ಮೇಲೆ ಒಂದೇ ಮಾತು: ಆಗಲಿಕ್ಕಿಲ್ಲ ಅನಿಸುವಂಥದ್ದೇ ಆಗುತ್ತಾ ಬಂದ ವರ್ಷದಲ್ಲಿ ಆಗಲು ಸಾಧ್ಯವೇ ಇಲ್ಲದ್ದೂ ಆಗಿಹೋಯಿತು.

ಈಗ ಕಣ್ಣು ಮುಚ್ಚಿ ಸಿಬಿಎಸ್ ರೇಡಿಯೊದ ಜಾಕ್ ಬಕ್ ಅವರನ್ನು ಕೇಳಿ. ಅವರು ಸುಮ್ಮನಿರುವಂತಿಲ್ಲ. ಸುಮ್ಮನಾದರೆ ಕಾರಿನಲ್ಲಿ ಕೇಳುತ್ತಿರುವವನಿಗೆ ಏನಾಯಿತೆಂದೇ ಗೊತ್ತಾಗದು. ಚೆಂಡು ಎಲ್ಲಿಗೆ ಹೋಯಿತು, ಯಾರು ಹೊಡೆದದ್ದು, ಡಾಡ್ಜರ್ಸ್ ಗೆದ್ದದ್ದು, ಅದೂ 5-4ರಿಂದ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ ಮೇಲೆಯೇ ಅವರ ಆ ಹೆಸರಾದ ಮಾತು ಬರುವುದು: ಈಗ ಕಂಡದ್ದನ್ನು ನಂಬಲಾಗುತ್ತಿಲ್ಲ! ಸ್ಕಲ್ಲಿ ಆ ಹೊಡೆತದ ಹೊತ್ತಿಗೆ ಸ್ಕೋರ್ ಹೇಳಲೇ ಇಲ್ಲ, ಅದು ಪರದೆ ಮೇಲಿತ್ತು. ರೇಡಿಯೊಗೂ ಟಿವಿಗೂ ಇರುವ ವ್ಯತ್ಯಾಸ ಇಷ್ಟೇ. ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಇಲ್ಲೊಂದು ಎಚ್ಚರಿಕೆ. ಟಿವಿ ಚಿತ್ರಕ್ಕೆ ರೇಡಿಯೊ ದನಿ ಅಂಟಿಸಿದ ವೀಡಿಯೊಗಳು ಎಲ್ಲೆಲ್ಲೂ ಇವೆ. ನಾನು ತುಂಬಾ ದಿನ ಬಕ್ ಅವರ ಮಾತನ್ನೇ ಟಿವಿ ಕಾಮೆಂಟರಿ ಅಂದುಕೊಂಡಿದ್ದೆ. ಆದ್ದರಿಂದ ಹುಡುಕುವಾಗ ಆಟಗಾರನ ಹೆಸರಿನ ಜೊತೆ ಕಾಮೆಂಟೇಟರ್ ಹೆಸರು, ವರ್ಷ, 'ರೇಡಿಯೊ ಕಾಲ್' ಅನ್ನೋ ಪದ ಹಾಕಿ. ಸಿಕ್ಕಿದ್ದರಲ್ಲಿ ಉದ್ದದ ತುಣುಕನ್ನೇ ಆರಿಸಿ. ಹದಿನೈದು ಸೆಕೆಂಡಿನ ತುಣುಕುಗಳು ಮೊದಲು ಕತ್ತರಿಸುವುದೇ ಮೌನವನ್ನು.

ಕಿವಿ ಪಳಗಿತು ಅಂದ ಮೇಲೆ ಹಿಂದಕ್ಕೆ ಹೋಗಿ. ತೀರಾ ಮೊದಲಿನದನ್ನು ಓದಿಕೊಂಡರೆ ಸಾಕು, ಕತೆ ಚೆನ್ನಾಗಿದೆ. 1921ರಲ್ಲಿ ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಿಂದ ಕ್ರೀಡಾ ಬರಹಗಾರ ಗ್ರಾಂಟ್‌ಲ್ಯಾಂಡ್ ರೈಸ್ ಕೆಡಿಕೆಎ ರೇಡಿಯೊ ಕೇಂದ್ರಕ್ಕಾಗಿ ಆಟ ಹೇಳಿದರು. ಅದೇ ಸೀರೀಸನ್ನು ನೆವಾರ್ಕಿನ ಡಬ್ಲ್ಯುಜೆಝಡ್ ಕೇಂದ್ರದಲ್ಲಿ ಹೇಳಿದ ಟಾಮಿ ಕೋವನ್ ಆಟವನ್ನು ನೋಡಲೇ ಇಲ್ಲ. ಮೈದಾನದಿಂದ ಒಬ್ಬ ಪತ್ರಕರ್ತ ಫೋನಿನಲ್ಲಿ ಹೇಳಿದ್ದನ್ನು ಇವರು ಮೈಕ್‌ನಲ್ಲಿ ಮತ್ತೆ ಹೇಳಿದರು, ಅಷ್ಟೇ.

1923ರಲ್ಲಿ ಬಂದವರು ಗ್ರಹಾಂ ಮೆಕ್‌ನಮೀ, ಮೂಲತಃ ಹಾಡುಗಾರ. ಕೋರ್ಟಿನ ಜ್ಯೂರಿ ಕೆಲಸಕ್ಕೆಂದು ಬಂದವರು ಊಟದ ಬಿಡುವಿನಲ್ಲಿ ಪಕ್ಕದ ರೇಡಿಯೊ ಕೇಂದ್ರಕ್ಕೆ ಹೊಕ್ಕು ಕೆಲಸ ಗಿಟ್ಟಿಸಿಕೊಂಡರಂತೆ. ಆ ವರ್ಷದ ಸೀರೀಸಿನಲ್ಲಿ ಮುಖ್ಯ ಮೈಕ್ ಇದ್ದದ್ದು ಪತ್ರಕರ್ತ ಮೆಗೀಹನ್ ಕೈಲಿ. ಅವರು ಮೂರನೇ ಆಟದ ನಡುವೆಯೇ ಬೇಸತ್ತು ಎದ್ದು ಹೋದರು, ಮೈಕ್ ಮೆಕ್‌ನಮೀ ಕೈಗೆ ಬಂತು. ಇವರಿಗೆ ಆಟ ಅಷ್ಟಾಗಿ ಗೊತ್ತಿರಲಿಲ್ಲ, ಆದರೆ ಜನ, ಆಕಾಶ, ಗದ್ದಲ ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದರು. 1925ರ ಸೀರೀಸ್ ಮುಗಿದ ಮೇಲೆ ಅವರಿಗೆ ಬಂದ ಕಾಗದಗಳು ಸುಮಾರು 50,000! ನಾನು ನೋಡಿದ ಆಟವೇ ಬೇರೆ, ಇವರು ಹೇಳಿದ ಆಟವೇ ಬೇರೆ ಎಂದು ಬರಹಗಾರ ರಿಂಗ್ ಲಾರ್ಡ್‌ನರ್ ಚುಚ್ಚಿದ್ದೂ ಉಂಟು. ಬಣ್ಣ ಕಟ್ಟುವವರು ಬೇಕೋ, ನೆಟ್ಟಗೆ ಹೇಳುವವರು ಬೇಕೋ ಅನ್ನೋ ಜಗಳ ಆಗಿನಿಂದಲೇ ಇದೆ. ಅಂಪೈರ್‌ಗಳನ್ನು ಟೀಕಿಸಿದರೆಂದು ಕಾಮೆಂಟೇಟರ್ ಟೆಡ್ ಹ್ಯೂಸಿಂಗ್ ಅವರನ್ನು ಬೇಸ್‌ಬಾಲ್ ಮುಖ್ಯಸ್ಥ, ಕಮಿಷನರ್ ಲ್ಯಾಂಡಿಸ್ 1935ರ ಸೀರೀಸಿನಿಂದ ಹೊರಗಿಟ್ಟರು. ಉಳಿದವರಿಗೆ ಕಂಡದ್ದನ್ನಷ್ಟೇ ಹೇಳಿ ಎಂದು ತಾಕೀತು ಮಾಡಿದರು.

ಆಮೇಲೆ ರೆಡ್ ಬಾರ್ಬರ್. ಇವರನ್ನು ಬಿಡಲೇಬೇಡಿ. ಕೇಳುಗರು ಯಾವ ಕ್ಷಣದಲ್ಲಿ ರೇಡಿಯೊ ತಿರುಗಿಸುತ್ತಾರೋ ಗೊತ್ತಿಲ್ಲ, ಸ್ಕೋರ್ ಹೇಳುತ್ತಲೇ ಇರಬೇಕು ಅಂತ ಮೊಟ್ಟೆ ಬೇಯಿಸಲು ಬಳಸುವ ಮೂರು ನಿಮಿಷದ ಮರಳು ಗಡಿಯಾರವನ್ನು ಎದುರಿಗಿಟ್ಟುಕೊಂಡಿದ್ದ ಮನುಷ್ಯ. ಸ್ಕೋರ್ ಹೇಳದ ಕಾಮೆಂಟೇಟರ್ ಮೇಲೆ ಬರುವ ಸಿಟ್ಟು ರೇಡಿಯೊದಲ್ಲಿ ಕ್ರಿಕೆಟ್ ಕೇಳಿದ ಎಲ್ಲರಿಗೂ ಗೊತ್ತು, ಅಲ್ವಾ? 1947ರ ಆರನೇ ಆಟದಲ್ಲಿ ಡಿಮ್ಯಾಜಿಯೊ ಹೊಡೆದ ಚೆಂಡಿನ ಹಿಂದೆ ಫೀಲ್ಡರ್ ಜಾನ್‌ಫ್ರಿಡೊ ಓಡುವಾಗ ಬಾರ್ಬರ್ 'ಬ್ಯಾಕ್, ಬ್ಯಾಕ್, ಬ್ಯಾಕ್' ಎನ್ನುತ್ತಾ ಹೋಗುತ್ತಾರೆ. ಆ ಎಣಿಕೆಯಲ್ಲೇ ನಮಗೆ ಮೈದಾನದ ಉದ್ದ ಗೊತ್ತಾಗುತ್ತದೆ. ಅದೇ 1947ರ ಸೀರೀಸ್ ಟಿವಿಯಲ್ಲಿ ಬಂದ ಮೊದಲನೆಯದು. ಮನೆಗಳಲ್ಲಿ ಟಿವಿ ಕಡಿಮೆ, ಜನ ನೋಡಿದ್ದು ಹೆಚ್ಚಾಗಿ ಬಾರ್‌ಗಳಲ್ಲಿ.

ಸ್ಕಲ್ಲಿ ಈ ಬಾರ್ಬರ್ ಗರಡಿಯ ಹುಡುಗ. 1953ರ ಸೀರೀಸಿಗೆ ಪ್ರಾಯೋಜಕರು ಕೊಡುವ ಸಂಭಾವನೆ ಸಾಲದೆಂದು ಬಾರ್ಬರ್ ಒಲ್ಲೆ ಅಂದರು. ಆ ಕುರ್ಚಿ 25 ವರ್ಷದ ಸ್ಕಲ್ಲಿಗೆ ಸಿಕ್ಕಿತು. 1955ರಲ್ಲಿ, ಆಗ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಡಾಡ್ಜರ್ಸ್ ಮೊದಲ ಸಲ ಚಾಂಪಿಯನ್ ಆದಾಗ ಅವರು ಹೇಳಿದ್ದು ಒಂದೇ ವಾಕ್ಯ. ಇನ್ನೊಂದು ಮಾತಾಡಿದ್ದರೆ ಅತ್ತೇ ಬಿಡುತ್ತಿದ್ದೆ ಅಂತ ಆಮೇಲೆ ಹೇಳಿಕೊಂಡಿದ್ದಾರೆ. 1988ರ ಮೌನದ ಬೇರು ಇಲ್ಲಿದೆ.

ತಪ್ಪುಗಳನ್ನೂ ಕೇಳಿ. 1960ರ ಏಳನೇ ಆಟ, ಪಿಟ್ಸ್‌ಬರ್ಗಿನ ಮ್ಯಾಜರಾಸ್ಕಿಯ ಹೋಮ್ ರನ್. ಎನ್‌ಬಿಸಿ ರೇಡಿಯೊದಲ್ಲಿ ಚಕ್ ಥಾಂಪ್ಸನ್. ಎಸೆದವನು ರಾಲ್ಫ್ ಟೆರ್ರಿ, ಇವರು ಹೇಳಿದ್ದು ಆರ್ಟ್ ಡಿಟ್ಮಾರ್. ಗೆದ್ದದ್ದು 10-9, ಇವರ ಬಾಯಲ್ಲಿ ಬಂದದ್ದು 10-0, ತಕ್ಷಣ ತಿದ್ದಿಕೊಂಡರು ಅನ್ನಿ. ಪಾಪ, ಡಿಟ್ಮಾರ್ ಸುಮ್ನೆ ಪಕ್ಕದಲ್ಲಿ ತಯಾರಾಗುತ್ತಿದ್ದವನು! ವರ್ಷಗಳಾದ ಮೇಲೆ ಒಂದು ಬಿಯರ್ ಜಾಹೀರಾತಿನಲ್ಲಿ ಈ ದನಿ ಬಂದಾಗ ಕೋರ್ಟಿಗೂ ಹೋದ, ಗೆಲ್ಲಲಿಲ್ಲ. ನನಗಂತೂ ಈ ತಪ್ಪಿರುವ ದನಿಯೇ ಇಷ್ಟ. ಆ ಮೈದಾನದಲ್ಲಿ ಎಂಥ ಗಲಾಟೆ ಇತ್ತು ಅನ್ನೋದು ಅದರಲ್ಲೇ ಇದೆ.

ನಿಮ್ಮ ಪಟ್ಟಿಗೆ ಇನ್ನೆರಡು. 1980ರಲ್ಲಿ ಫಿಲಡೆಲ್ಫಿಯಾ ಗೆದ್ದಾಗ ಆ ಊರಿನ ಅಚ್ಚುಮೆಚ್ಚಿನ ಕಾಮೆಂಟೇಟರ್ ಹ್ಯಾರಿ ಕಲಾಸ್ ಅದನ್ನು ನೇರ ಪ್ರಸಾರದಲ್ಲಿ ಹೇಳುವಂತಿರಲಿಲ್ಲ, ಹಕ್ಕು ರಾಷ್ಟ್ರೀಯ ನೆಟ್‌ವರ್ಕ್‌ಗಳದ್ದು. ಊರಿನವರು ರೇಗಾಡಿದರು, ನಿಯಮ ಬದಲಾಯಿತು. ಕಲಾಸ್ 2008ರವರೆಗೆ ಕಾದರು, ಆ ಸಲ ಗೆದ್ದ ಕ್ಷಣ ಅವರದೇ ದನಿಯಲ್ಲಿದೆ. ಇನ್ನೊಂದು, 1991ರ ಆರನೇ ಆಟ. ಕರ್ಬಿ ಪಕೆಟ್ ಹೋಮ್ ರನ್ ಹೊಡೆದು ಸೀರೀಸನ್ನು ಏಳನೇ ಆಟಕ್ಕೆ ಎಳೆದಾಗ ಟಿವಿಯಲ್ಲಿ ಜಾಕ್ ಬಕ್ ಹೇಳಿದ್ದು, ನಾಳೆ ರಾತ್ರಿ ಸಿಗೋಣ. ಅದರ ಪಕ್ಕದಲ್ಲೇ 2011ರ ಆರನೇ ಆಟ ಹಾಕಿ. ಡೇವಿಡ್ ಫ್ರೀಸ್ ಹೊಡೆದಾಗ ಮಗ ಜೋ ಬಕ್ ಅದೇ ಮಾತು ಹೇಳುತ್ತಾರೆ. ಜಾಕ್ ತೀರಿಕೊಂಡು ಆಗ ಒಂಬತ್ತು ವರ್ಷ.

ನೇರವಾಗಿ ಕೇಳಬೇಕಾ? ಸೀರೀಸ್ ಇರೋದು ಅಕ್ಟೋಬರ್ ಕೊನೆಯಲ್ಲಿ. ನ್ಯೂಯಾರ್ಕಿನಲ್ಲಿ ರಾತ್ರಿ ಎಂಟು ಅಂದರೆ ನಮ್ಮಲ್ಲಿ ಬೆಳಿಗ್ಗೆ ಐದೂವರೆ, ಕಾಫಿ ಹೊತ್ತಿಗೆ ಸರಿಯಾಗುತ್ತದೆ.

ಇಷ್ಟೆಲ್ಲ ಕೇಳಿ ಆದ ಮೇಲೆ, ಅದಕ್ಕೂ ಮೊದಲು ಬೇಡ, 2024ರ ಮೊದಲ ಆಟದ ಕೊನೆಯ ಚೆಂಡು ಹಾಕಿ. ಅದೇ ಡಾಡ್ಜರ್ಸ್ ಮೈದಾನ. ಕಾಲು ನೋವಿನ ಫ್ರೆಡಿ ಫ್ರೀಮನ್ ಬ್ಯಾಟ್ ಬೀಸುತ್ತಾನೆ, ಚೆಂಡು ಮತ್ತೆ ಬಲಗಡೆಗೆ. ಮೈಕ್ ಹಿಂದೆ ಜೋ ಡೇವಿಸ್, ಡಾಡ್ಜರ್ಸ್ ಪ್ರಸಾರದಲ್ಲಿ ಸ್ಕಲ್ಲಿಯ ಜಾಗಕ್ಕೆ ಬಂದವರು. 'ಶೀ ಈಸ್ ಗಾನ್' ಅನ್ನುತ್ತಾರೆ. ಆಮೇಲೆ, 'ಗಿಬಿ, ಮೀಟ್ ಫ್ರೆಡಿ'.