35ರಲ್ಲಿ ಫ್ರೆಂಚ್ ಕಲಿತು ಕೆನಡಾದ ಪಿಆರ್ ಪಡೆದೆ: ನನ್ನ ಅನುಭವ

2025ರ ಮಾರ್ಚ್ 21ರಂದು ಕೆನಡಾದ ಪಿಆರ್‌ಗೆ (ಕಾಯಂ ವಾಸದ ಹಕ್ಕಿಗೆ) ಅಂಕಗಳ ಮೇಲೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯ ಫ್ರೆಂಚ್ ವಿಭಾಗದಲ್ಲಿ 7,500 ಮಂದಿಗೆ ಅರ್ಜಿ ಹಾಕಲು ಆಹ್ವಾನ ಹೋಯಿತು. ಕಟ್-ಆಫ್ 379, ನನ್ನ ಸಿಆರ್‌ಎಸ್ (ವಯಸ್ಸು, ಓದು, ಭಾಷೆ, ಅನುಭವಗಳಿಗೆ ಕೊಡುವ ಒಟ್ಟು ಅಂಕ) 447. ಅದರಲ್ಲಿ 62 ಅಂಕ ಫ್ರೆಂಚಿನಿಂದಲೇ ಬಂದದ್ದು. ಈ ವಯಸ್ಸಿನಲ್ಲಿ ಹೊಸ ಭಾಷೆ ನಾಲಿಗೆಗೆ ಹತ್ತುವುದಿಲ್ಲ, ಅದರ ಬದಲು ಒಂದು ಸ್ನಾತಕೋತ್ತರ ಪದವಿ ಮಾಡಿಕೊಳ್ಳುವುದು ಮೇಲು ಎಂದು ನನಗೆ ಬುದ್ಧಿ ಹೇಳದವರು ಆಫೀಸಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ನನ್ನಂತೆಯೇ ಒಂಟಿ ಅರ್ಜಿದಾರರಾಗಿ, ಬರೀ ಬಿ.ಇ. ಹಿಡಿದು, 380ರ ಆಸುಪಾಸಿನಲ್ಲಿ ನಿಂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ತಪ್ಪು 2020ರದು. ಆಗ ನನಗೆ 32 ವರ್ಷ. ಇಸಿಎ (ನಮ್ಮ ಪದವಿ ಕೆನಡಾದ ಯಾವ ಪದವಿಗೆ ಸಮ ಎಂಬ ವರದಿ) ಮುಗಿಸಿ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆದಾಗ ಲಿಸನಿಂಗ್‌ನಲ್ಲಿ 7.5 ಬಂತು, ಉಳಿದ ಮೂರರಲ್ಲಿ ಸಿಎಲ್‌ಬಿ 9 ಇತ್ತು (ಸಿಎಲ್‌ಬಿ ಎಂದರೆ ಇಂಗ್ಲಿಷಿಗೆ ಕೆನಡಾದ ಅಳತೆಯ ಮಟ್ಟ; 9 ಆಗಲು ಲಿಸನಿಂಗ್‌ನಲ್ಲಿ 8 ಬೇಕು). ಅರ್ಧ ಬ್ಯಾಂಡ್ ತಾನೇ ಎಂದು ಅದನ್ನು ಹಾಗೆಯೇ ಬಿಟ್ಟೆ. ಆ ಅರ್ಧ ಬ್ಯಾಂಡಿನ ಬೆಲೆ ಇಂಗ್ಲಿಷಿನಲ್ಲಿ 8 ಅಂಕವಾದರೆ, ಪದವಿ ಮತ್ತು ಅನುಭವಗಳನ್ನು ಭಾಷೆಯ ಜೊತೆ ಕೂಡಿಸಿ ಕೊಡುವ ಅಂಕಗಳು 75ರಿಂದ 38ಕ್ಕೆ ಇಳಿದವು. ಒಟ್ಟು 45 ಅಂಕ ಹೋಯಿತು. ಇದನ್ನು ಕೂತು ಲೆಕ್ಕ ಹಾಕಿದ್ದು ಮೂರು ವರ್ಷದ ಬಳಿಕ. ಅಷ್ಟರಲ್ಲಿ 2021ರ ಆರಂಭದಿಂದ ಒಂದೂವರೆ ವರ್ಷ ನಮ್ಮಂಥ ಎಫ್‌ಎಸ್‌ಡಬ್ಲ್ಯೂ (ಕುಶಲ ಕೆಲಸಗಾರರ ಯೋಜನೆ) ಅಭ್ಯರ್ಥಿಗಳಿಗೆ ಸಾಮಾನ್ಯ ಡ್ರಾ, ಅಂದರೆ ಆಹ್ವಾನದ ಸುತ್ತು, ನಡೆಯಲೇ ಇಲ್ಲ. 2022ರ ಜುಲೈ 6ರಂದು ಮತ್ತೆ ಆರಂಭವಾದಾಗ ಕಟ್-ಆಫ್ 557 ಆಗಿತ್ತು. ಪ್ರತಿ ಹುಟ್ಟುಹಬ್ಬಕ್ಕೂ ಐದಾರು ಅಂಕ ಕರಗುತ್ತಿತ್ತು. 2023ರ ಆಗಸ್ಟಿನಲ್ಲಿ ಪರೀಕ್ಷೆಯನ್ನು ಮತ್ತೆ ಬರೆದು ನಾಲ್ಕರಲ್ಲೂ ಸಿಎಲ್‌ಬಿ 9 ಮಾಡಿಕೊಂಡರೂ ನಾನು ನಿಂತದ್ದು 396ರಲ್ಲಿ.

ಈ ನಡುವೆ ದುಡ್ಡೂ ಹೋಯಿತು. ಪ್ರಾಂತ್ಯದ ನಾಮನಿರ್ದೇಶನ ಕೊಡಿಸುತ್ತೇನೆ, 600 ಅಂಕ ಖಾತ್ರಿ ಎಂದ ಒಬ್ಬ ಏಜೆಂಟರಿಗೆ ಸುಮಾರು 2,800 ಡಾಲರ್ ಕಟ್ಟಿದೆ. (ಇಲ್ಲಿ ಹೇಳುವ ಡಾಲರುಗಳೆಲ್ಲ ಕೆನಡಾದವು, ನೆನಪಿನಿಂದ ಹೇಳುತ್ತಿರುವ ಮೊತ್ತಗಳು.) ನನ್ನ ಉದ್ಯೋಗ ಆ ಪ್ರಾಂತ್ಯದ ಪಟ್ಟಿಯಲ್ಲೇ ಇರಲಿಲ್ಲ ಎಂಬುದು ಎಂಟು ತಿಂಗಳ ಮೇಲೆ ತಿಳಿಯಿತು. ಇನ್ನೊಬ್ಬರು ಇಪ್ಪತ್ತು ಸಾವಿರಕ್ಕೆ ಎಲ್‌ಎಂಐಎ (ವಿದೇಶಿಯರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಕೆನಡಾದ ಕಂಪನಿಗೆ ಸಿಗುವ ಸರ್ಕಾರಿ ಒಪ್ಪಿಗೆ; ಆಗ ಅದಿದ್ದ ಉದ್ಯೋಗದ ಆಫರ್‌ಗೆ ಅಂಕ ಸಿಗುತ್ತಿತ್ತು) ಕೊಡಿಸಲು ಮುಂದೆ ಬಂದರು. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಐದು ವರ್ಷ ಬಾಗಿಲು ಮುಚ್ಚುತ್ತದೆ ಎಂದು ಗೊತ್ತಿದ್ದುದರಿಂದ ನಾನು ಒಪ್ಪಲಿಲ್ಲ. ನನಗೆ ಆಹ್ವಾನ ಬಂದ ನಾಲ್ಕೇ ದಿನಕ್ಕೆ, 2025ರ ಮಾರ್ಚ್ 25ರಂದು, ಉದ್ಯೋಗದ ಆಫರ್‌ಗೆ ಸಿಗುತ್ತಿದ್ದ ಅಂಕಗಳನ್ನು ಸರ್ಕಾರವೇ ತೆಗೆದುಹಾಕಿತು.

ಫ್ರೆಂಚ್ ವಿಭಾಗದ ಮೊದಲ ಡ್ರಾ ನಡೆದದ್ದು 2023ರ ಜುಲೈ 7ರಂದು, 439ಕ್ಕೆ. ಸೆಪ್ಟೆಂಬರಿನಲ್ಲಿ ನಾನು ಅಕ್ಷರದಿಂದ ಆರಂಭಿಸಿದೆ. 2024ರ ಫೆಬ್ರುವರಿ 1ರಂದು 365ಕ್ಕೆ 7,000 ಆಹ್ವಾನ ಹೊರಟಾಗ ಹಿಡಿದ ದಾರಿ ಸರಿ ಎಂಬ ಧೈರ್ಯ ಬಂತು. ಹದಿನೇಳು ತಿಂಗಳು, ದಿನಕ್ಕೆ ಎರಡು ಗಂಟೆಯಂತೆ ಹೆಚ್ಚುಕಡಿಮೆ ಸಾವಿರ ಗಂಟೆ ಕೂತಿದ್ದೇನೆ.

ಮೊದಲ ಎರಡು ತಿಂಗಳು ಎಲ್ಲ ಪದಗಳನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಈ ಪ್ರಯೋಗ ಕೈಕೊಟ್ಟಿತು. ನಮ್ಮ ಅನುಸ್ವಾರ ಮುಂದಿನ ವ್ಯಂಜನವನ್ನು ಹಿಡಿದು ನಡೆಯುತ್ತದೆ, ಫ್ರೆಂಚಿನಲ್ಲಿ ಸ್ವರವೇ ಮೂಗಿನಿಂದ ಬರುತ್ತದೆ. ಹೀಗಾಗಿ ನನ್ನ ಪುಸ್ತಕದಲ್ಲಿ ವೈನ್ ಎಂಬ ಅರ್ಥದ ಪದವೂ ಗಾಳಿ ಎಂಬ ಅರ್ಥದ ಪದವೂ ‘ವಾಂ’ ಎಂದೇ ಇದ್ದವು, ಕಿವಿಯೂ ಎರಡನ್ನೂ ಒಂದೇ ಎಂದು ಕೇಳತೊಡಗಿತ್ತು. ಆ ಪುಸ್ತಕವನ್ನು ಬದಿಗಿಟ್ಟೆ. ನೀನು-ನೀವು ಭೇದಕ್ಕೆ ಮಾತ್ರ ಕನ್ನಡ ನೆರವಾಯಿತು. ಇಂಗ್ಲಿಷಿನಲ್ಲೇ ಬೆಳೆದ ನನ್ನ ಸಹಪಾಠಿಗಳು ತಿಂಗಳುಗಟ್ಟಲೆ ತಡವರಿಸಿದ ಜಾಗದಲ್ಲಿ ನಾನು ಒಮ್ಮೆಯೂ ತಪ್ಪಲಿಲ್ಲ.

ವಲಸೆಗೆ ಒಪ್ಪುವ ಫ್ರೆಂಚ್ ಪರೀಕ್ಷೆಗಳಲ್ಲಿ ಟಿಸಿಎಫ್ ಕೆನಡಾ ಆರಿಸಿಕೊಂಡೆ. ನಾಲ್ಕೂ ಭಾಗಗಳಲ್ಲಿ ಎನ್‌ಸಿಎಲ್‌ಸಿ (ಫ್ರೆಂಚಿಗೆ ಸಿಎಲ್‌ಬಿಯಂಥದೇ ಮಟ್ಟ) 7 ಬರಲೇಬೇಕು, ಒಂದರಲ್ಲಿ 6 ಆದರೂ ಹೆಚ್ಚುವರಿ 50 ಅಂಕವೂ ಇಲ್ಲ, ಆ ವಿಭಾಗದ ಅರ್ಹತೆಯೂ ಇಲ್ಲ. 2024ರ ಅಕ್ಟೋಬರಿನಲ್ಲಿ ಆಲಿಸುವಿಕೆಯಲ್ಲಿ 699ಕ್ಕೆ 430ರ ಹತ್ತಿರ ಬಂತು, ಮಾತಿನಲ್ಲಿ 20ಕ್ಕೆ 8. ಡಿಸೆಂಬರಿನಲ್ಲಿ ಮಾತು 10ಕ್ಕೆ ಏರಿತು, ಆಲಿಸುವಿಕೆ 455. ಎನ್‌ಸಿಎಲ್‌ಸಿ 7ಕ್ಕೆ ಬೇಕಾದದ್ದು ಮಾತಿನಲ್ಲಿ 10, ಆಲಿಸುವಿಕೆಯಲ್ಲಿ 458. ಮೂರು ಅಂಕಕ್ಕೆ ಸುಮಾರು 330 ಡಾಲರ್ ಶುಲ್ಕ ನೀರಿನಲ್ಲಿ ಹೋದ ಆ ವಾರ ನಾನು ಪುಸ್ತಕ ಮುಟ್ಟಲಿಲ್ಲ.

ತಪ್ಪು ಎಲ್ಲಿದೆ ಎಂದು ಆಮೇಲೆ ಹೊಳೆಯಿತು. ಕೆನಡಾಕ್ಕೆ ಹೋಗುವವನು ತಾನೇ ಎಂದು ನಾನು ಅಲ್ಲಿನ ಫ್ರೆಂಚ್ ಬಾನುಲಿ ರೇಡಿಯೊ-ಕೆನಡಾವನ್ನೇ ಹಚ್ಚಿಟ್ಟುಕೊಂಡು ಕೇಳುತ್ತಿದ್ದೆ. ಪ್ರಶ್ನೆಪತ್ರಿಕೆ ಸಿದ್ಧವಾಗುವುದು ಫ್ರಾನ್ಸಿನಲ್ಲಿ, ನನಗೆ ಕೇಳಿಸಿದ ದನಿಗಳೂ ಹೆಚ್ಚಾಗಿ ಅಲ್ಲಿಯವೇ. ಮೇಲಾಗಿ 35 ನಿಮಿಷಕ್ಕೆ 39 ಪ್ರಶ್ನೆ, ಧ್ವನಿ ಒಮ್ಮೆ ಮಾತ್ರ. ಹಾಡಿನಂತೆ ಹಿನ್ನೆಲೆಯಲ್ಲಿ ಕೇಳಿದ್ದು ಅಲ್ಲಿ ಏನೂ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಶಾಲೆಯಲ್ಲಿ ಬರೆಸುತ್ತಿದ್ದ ಉಕ್ತಲೇಖನಕ್ಕೇ ಮರಳಿದೆ. ಫ್ರಾನ್ಸಿನ ಬಾನುಲಿ ಆರ್‌ಎಫ್‌ಐನ ಸರಳ ಫ್ರೆಂಚ್ ವಾರ್ತೆ ಹತ್ತು ನಿಮಿಷದ್ದು, ಅದರ ಪೂರ್ಣ ಪಠ್ಯವೂ ಸಿಗುತ್ತದೆ. ದಿನಕ್ಕೆ ಎರಡೇ ನಿಮಿಷದ ತುಣುಕನ್ನು ತೆಗೆದುಕೊಂಡು ಕೇಳಿದಂತೆ ಬರೆದು, ಪಠ್ಯದೊಂದಿಗೆ ಹೋಲಿಸಿ, ತಪ್ಪಿದ ಪದಗಳನ್ನಷ್ಟೇ ಮಾರನೆಯ ದಿನ ಗಟ್ಟಿಯಾಗಿ ಓದುತ್ತಿದ್ದೆ. ಮೊದಲ ವಾರ ಪುಟಕ್ಕೆ ನಲವತ್ತು ತಪ್ಪು, ಐದನೆಯ ವಾರ ಎಂಟೋ ಒಂಬತ್ತೋ. ಮಾತಿನ ಪರೀಕ್ಷೆಯ ಎರಡನೆಯ ಭಾಗದಲ್ಲಿ ಪ್ರಶ್ನೆ ಕೇಳಬೇಕಾದವರು ನಾವು. ಯಾವ ವಿಷಯ ಕೊಟ್ಟರೂ ಹೊಂದುವ ಹನ್ನೆರಡು ಪ್ರಶ್ನೆಗಳ ಅಚ್ಚೊಂದನ್ನು ಮಾಡಿಕೊಂಡಿದ್ದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅವರವರ ಬಾಯಿಗೆ ಒಗ್ಗುವುದನ್ನು ಅವರವರೇ ಕಟ್ಟಿಕೊಳ್ಳಬೇಕು. ಜನವರಿಯ ಕೊನೆಯಲ್ಲಿ ಬರೆದ ಮೂರನೆಯ ಪರೀಕ್ಷೆಯಲ್ಲಿ ಆಲಿಸುವಿಕೆ 480 ದಾಟಿತು, ಮಾತು 11.

ಆಹ್ವಾನದ ಬಳಿಕ 60 ದಿನ ಇರುತ್ತದೆ. ನನಗೆ ಅಷ್ಟೂ ಇರಲಿಲ್ಲ. 2020ರ ಇಸಿಎಗೆ ಐದು ವರ್ಷ ತುಂಬುವುದು ಮೇ 9ಕ್ಕೆ, ಅರ್ಜಿ ಸಲ್ಲಿಸುವ ದಿನ ಅದು ಜೀವಂತವಾಗಿರಬೇಕು. ಹಳೆಯ ಕಂಪನಿಯವರು ಕೆಲಸದ ವಿವರಗಳಿರುವ ಪತ್ರ ಕೊಡಲು ಒಪ್ಪದಿದ್ದಾಗ, ಅಂದಿನ ಮ್ಯಾನೇಜರ್ ಬರೆದುಕೊಟ್ಟ ಪತ್ರ, ಸಂಬಳದ ಚೀಟಿಗಳು ಮತ್ತು ನನ್ನದೇ ವಿವರಣೆ ಸೇರಿಸಿ ಹಾಕಿದೆ. ಅಲ್ಲಿ ನೆಲೆಯೂರಲು ಸಾಕಾಗುವಷ್ಟಿದೆ ಎಂದು ಒಬ್ಬ ಅರ್ಜಿದಾರರು ಆಗ ತೋರಿಸಬೇಕಿದ್ದ ಹಣ 14,690 ಡಾಲರ್. ಖಾತೆಯಲ್ಲಿ ಸುಮಾರು 17,000 ಇತ್ತು. ನಡುವೆ ಒಂದೇ ಸಲ ಜಮೆಯಾಗಿದ್ದ 4,000 ಎಲ್ಲಿಂದ ಬಂತೆಂದು ತೋರಿಸಲು ಮಾರಾಟದ ಪತ್ರವನ್ನು ಲಗತ್ತಿಸಿದೆ. ಶುಲ್ಕ 1,525, ಬಯೊಮೆಟ್ರಿಕ್ಸ್‌ಗೆ 85. ಆರಂಭದಿಂದ ಒಟ್ಟು ಖರ್ಚು 9,000ದ ಹತ್ತಿರ ಬಂದಿದೆ, ಏಜೆಂಟರ ಪಾಲನ್ನು ಬಿಟ್ಟರೆ ಆರು ಸಾವಿರ ಚಿಲ್ಲರೆ. ಅದರಲ್ಲಿ ದೊಡ್ಡ ಪಾಲು ಫ್ರೆಂಚ್ ಶಿಕ್ಷಕಿಗೆ ಹೋದದ್ದು, ಆ ಒಂದು ಖರ್ಚಿನ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಏಪ್ರಿಲ್ 28ರ ರಾತ್ರಿ ಅರ್ಜಿ ಸಲ್ಲಿಸಿದಾಗ ಇಸಿಎಗೆ ಹನ್ನೊಂದು ದಿನ ಉಳಿದಿತ್ತು. ಪಿಆರ್ ದೃಢೀಕರಣ ಅಕ್ಟೋಬರಿನಲ್ಲಿ ಕೈಸೇರಿತು.