ಬೋಗಿಗಳ ಕಟಕಟ ನಿಂತಿದ್ದು ಹೀಗೆ

ಮಾದರಿ ರೈಲು ಓಡಿಸೋಕೆ ಜಾಗ ಕಡಿಮೆ ಅಂತ ಎನ್ ಸ್ಕೇಲ್ ಅನ್ನೋ ಪುಟ್ಟ ಗಾತ್ರ ಆರಿಸಿಕೊಂಡೆ. 1:160 ಅಳತೆ, ಹಳಿಗಳ ನಡುವೆ ಬರೀ 9 ಮಿ.ಮೀ. ನೋಡೋಕೆ ನಿಜವಾದ ಹಳಿ ಥರಾನೇ ಇರಲಿ ಅಂತ ಕೋಡ್ 55 ಅನ್ನೋ ಗಿಡ್ಡ ಹಳಿ ತಂದೆ. ಅದರ ಎತ್ತರ ಸುಮಾರು 1.4 ಮಿ.ಮೀ. ಅಷ್ಟೇ.

ಇಂಜಿನ್ ಆರಾಮಾಗಿ ಓಡಿತು. ಹಳೇ ಬೋಗಿಗಳು ಮಾತ್ರ ಕಟಕಟ ಅಂತ ಕುಣಿದವು. ಮೊದಲು ಹಳಿಗಳ ಜಾಯಿಂಟ್ ಮೇಲೆ ಅನುಮಾನ. ಒಂದು ಸಂಜೆ ಪೂರ್ತಿ ಅದನ್ನೇ ಉಜ್ಜಿದೆ, ಸುಮ್ನೆ ದಂಡ. ಆಮೇಲೆ ಭೂತಗನ್ನಡಿ ಹಿಡಿದು, ಹಳಿಯ ಮಟ್ಟಕ್ಕೆ ಕಣ್ಣಿಟ್ಟು, ಒಂದು ಬೋಗಿಯನ್ನು ಬೆರಳಲ್ಲೇ ಮೆಲ್ಲಗೆ ತಳ್ಳಿದೆ. ಚಕ್ರದ ಅಂಚು ಹಳಿಯ ಒಳಬದಿಯ ಪುಟ್ಟ ಮೊಳೆತಲೆಗಳಿಗೆ ಒಂದೊಂದಾಗಿ ಬಡಿಯುತ್ತಿತ್ತು! ಹಳೇ ಪ್ಲಾಸ್ಟಿಕ್ ಚಕ್ರಗಳ ಫ್ಲ್ಯಾಂಜ್, ಅಂದರೆ ಹಳಿಯ ಒಳಬದಿಗೆ ಇಳಿಯುವ ಆ ಅಂಚು, ಜಾಸ್ತಿ ಆಳ. 2 ಮಿ.ಮೀ. ಎತ್ತರದ ಕೋಡ್ 80 ಹಳಿಗೆ ಅದು ಸರಿ, ಇದಕ್ಕಲ್ಲ.

ಹಾಕಿದ ಹಳಿ ಕೀಳೋಕೆ ಮನಸ್ಸು ಬರಲಿಲ್ಲ. ಕಿರಿದಾದ ಫ್ಲ್ಯಾಂಜಿನ ಲೋಹದ ಚಕ್ರ ಹಾಕಿದೆ. ಬೋಗಿಯಡಿ ಚಕ್ರ ಹಿಡಿದಿಡುವ ಚೌಕಟ್ಟಿನ, ಅಂದರೆ ಟ್ರಕ್ಕಿನ, ಪಕ್ಕವನ್ನು ಸ್ವಲ್ಪ ಅಗಲಿಸಿದರೆ ಹಳೇ ಆಕ್ಸಲ್ ಹೊರಬರುತ್ತದೆ, ಹೊಸದು ಟಕ್ ಅಂತ ಕೂರುತ್ತದೆ. ಆಕ್ಸಲ್ ಉದ್ದ ಮೊದಲೇ ಅಳೆದುಕೊಳ್ಳಿ. ನಾನು ಅಳೆಯದೆ ತಂದ ಮೊದಲ ಸೆಟ್ ಉದ್ದವಾಗಿ, ಚಕ್ರ ಉರುಳಲೇ ಇಲ್ಲ.

ಈಗ ಸದ್ದಿಲ್ಲ. ಒಂದು ಬೋಗಿ ಇನ್ನೂ ತಿರುವಿನಲ್ಲಿ ಹಳಿ ತಪ್ಪುತ್ತದೆ, ಅದು ಬೇರೆ ಕಥೆ.