2.8 ಜಿಪಿಎ ಇಟ್ಟುಕೊಂಡು ಮೆಡಿಕಲ್ ಸೀಟು: ನನ್ನ ಅನುಭವ

ಅಮೆರಿಕದಲ್ಲಿ ಡಿಗ್ರಿ ಮುಗಿಸಿದಾಗ ನನ್ನ ಜಿಪಿಎ (ಗ್ರೇಡ್‌ಗಳ ಸರಾಸರಿ) 4ಕ್ಕೆ 2.8. ಮೊದಲ ಸಲ ಅರ್ಜಿ ಹಾಕಿದಾಗ ಒಂದೇ ಒಂದು ಸಂದರ್ಶನಕ್ಕೂ ಕರೆ ಬರಲಿಲ್ಲ. ಕೆಲಸ ಮಾಡುತ್ತಲೇ ಎರಡು ವರ್ಷ ಪೋಸ್ಟ್‌ಬ್ಯಾಕ್, ಅಂದರೆ ಡಿಗ್ರಿ ಮುಗಿದ ಮೇಲೆ ಮತ್ತೆ ಓದುವ ಡಿಗ್ರಿ ಮಟ್ಟದ ತರಗತಿಗೆ ಹೋದೆ. ಬಯೋಕೆಮಿಸ್ಟ್ರಿ, ಫಿಸಿಯಾಲಜಿ ಸೇರಿ 32 ಕ್ರೆಡಿಟ್, ಎಲ್ಲದರಲ್ಲೂ ಎ ಗ್ರೇಡ್. ಆದರೂ ಹಳೆಯ 120 ಕ್ರೆಡಿಟ್‌ಗಳ ಭಾರಕ್ಕೆ ಒಟ್ಟು ಜಿಪಿಎ ಏರಿದ್ದು 3.05ಕ್ಕೆ ಅಷ್ಟೇ. ಅದನ್ನು ನೋಡಿ ಅವತ್ತು ರಾತ್ರಿ ಅತ್ತುಬಿಟ್ಟೆ.

ಅಮೆರಿಕದ ಬಹುತೇಕ ಮೆಡಿಕಲ್ ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಎಎಂಸಿಎಎಸ್ ಅರ್ಜಿಯಲ್ಲಿ ಹಳೆ ಗ್ರೇಡ್ ಅಳಿಸಿಹೋಗಲ್ಲ, ಅದೇ ಕೋರ್ಸ್ ಮತ್ತೆ ಮಾಡಿದರೂ ಎರಡೂ ಲೆಕ್ಕಕ್ಕೆ ಬರುತ್ತೆ. ಆದರೆ ಪೋಸ್ಟ್‌ಬ್ಯಾಕ್‌ಗೆ ಬೇರೆಯೇ ಸಾಲಿದೆ. ಅಲ್ಲಿ 4.0 ಅಂತಿತ್ತು. ಸಂದರ್ಶನದಲ್ಲಿ ಆ ಸಾಲಿನ ಮೇಲೇ ಬೆರಳಿಟ್ಟು, "ಏನು ಬದಲಾಯಿತು?" ಅಂದರು. ಅಪ್ಪನ ಕಾಯಿಲೆ, ನನ್ನ ತಪ್ಪು ಓದಿನ ಕ್ರಮ, ಎರಡನ್ನೂ ನೇರವಾಗಿ ಹೇಳಿದೆ.

ಎಂಕ್ಯಾಟ್ ಅನ್ನೋ ಮೆಡಿಕಲ್ ಪ್ರವೇಶ ಪರೀಕ್ಷೆಯಲ್ಲಿ 528ಕ್ಕೆ 514 ಬಂದಿತ್ತು. ಡಿಓ (ಆಸ್ಟಿಯೋಪಥಿಕ್ ಅನ್ನೋ ಇನ್ನೊಂದು ಬಗೆಯ ವೈದ್ಯ ಪದವಿ ಕೊಡುವ) ಕಾಲೇಜುಗಳಿಗೂ ಅರ್ಜಿ ಹಾಕಿದ್ದೆ. ಸೀಟು ಸಿಕ್ಕಿದ್ದು ಅಲ್ಲೇ.